ಕೂದಲೆಳೆಯ ಏಳನೇ ಪಾಲು

ಆ ಹುಡುಗ ನಳಿಗೆಯನ್ನು ತಿರುಪಿ ಬಿಚ್ಚಿ ಕೈಗೆ ತಗೊಂಡ. ಡಬ್ಬಿಯಿಂದ ಒಂದು ಕಿತ್ತಳೆ ಬಣ್ಣದ ಗುಂಡು ಆರಿಸಿ ಹಿಂಬದಿಯಿಂದ ಒಳಕ್ಕೆ ಬಿಟ್ಟ. ನಳಿಗೆಯನ್ನು ನೆಟ್ಟಗೆ ಕೆಳಮುಖ ಮಾಡಿದ. ಗುಂಡು ಬೀಳಲಿಲ್ಲ. ಆಮೇಲೆ ತುಟಿಗಿಟ್ಟುಕೊಂಡು 'ಫೂ' ಅಂತ ಒಂದೇ ಒಂದು ಸಲ ಊದಿದ. ಟಪ್ ಅಂತ ಹಾರಿ ನನ್ನ ಅಂಗೈಗೆ ಬಂದು ಬಿತ್ತು!

"ಇದು ಸರಿ ಇದೆ," ಅಂದ, ಅಷ್ಟೇ. ನಾನು ಬಾಯಿ ತೆರೆದುಕೊಂಡೇ ನಿಂತಿದ್ದೆ.

ಜುಲೈ ತಿಂಗಳು. ಥಾಣೆಯಾಚೆ ಒಂದು ಪೇಂಟ್‌ಬಾಲ್ ಮೈದಾನ. ಅಣ್ಣನ ಮಗನ ಹುಟ್ಟುಹಬ್ಬಕ್ಕೆ ಅವನನ್ನೂ ಅವನ ಗೆಳೆಯರನ್ನೂ ಡೊಂಬಿವಲಿಯಿಂದ ಕರಕೊಂಡು ಹೋಗಿದ್ದೆ. ಮಕ್ಕಳು ಮಳೆಯಲ್ಲಿ ಕೆಸರೆರಚಿಕೊಂಡು ಓಡಾಡುತ್ತಿದ್ದರೆ ನಾನು ತಗಡಿನ ಚಪ್ಪರದ ಕೆಳಗೆ, ಬಂದೂಕು ನೋಡಿಕೊಳ್ಳುವ ಆ ಹುಡುಗನ ಪಕ್ಕ ಕೂತಿದ್ದೆ. ಅವನ ಚೀಲದಲ್ಲಿ ಮೂರು ನಳಿಗೆಗಳಿದ್ದವು, ಮೂರೂ ಅವನ ಸ್ವಂತದ್ದು. ನೋಡುವುದಕ್ಕೆ ಅಣ್ಣತಮ್ಮಂದಿರ ಹಾಗೆ ಒಂದೇ ಥರ. ಆದರೆ ಅದೇ ಗುಂಡನ್ನು ಎರಡನೆಯದಕ್ಕೆ ಹಾಕಿದಾಗ ಸರ್ರನೆ ಜಾರಿ ನೆಲಕ್ಕೆ ಬಿತ್ತು. ಮೂರನೆಯದರಲ್ಲಿ ಸಿಕ್ಕಿಕೊಂಡಿತು, ಎಷ್ಟು ಊದಿದರೂ ಜಪ್ಪಯ್ಯ ಅನ್ನಲಿಲ್ಲ.

ಪೇಂಟ್‌ಬಾಲಿನ ಅಳತೆ ಹೆಸರಿಗೆ 0.68 ಇಂಚು, ಅಂದರೆ ಹದಿನೇಳೂಕಾಲು ಮಿಲಿಮೀಟರು. ನಳಿಗೆಯ ಒಳವ್ಯಾಸ ಮಾತ್ರ 0.679ರಿಂದ 0.693 ಇಂಚಿನವರೆಗೂ ಸಿಗುತ್ತದೆ. ಇಡೀ ವ್ಯತ್ಯಾಸ ಅರ್ಧ ಮಿಲಿಮೀಟರು ಕೂಡ ಇಲ್ಲ! ಆದರೆ ಅಷ್ಟರಲ್ಲೇ ಎಲ್ಲ ಇದೆ. ಗುಂಡು ಸಡಿಲವಾದರೆ ಹಿಂದಿನಿಂದ ನೂಕುವ ಗಾಳಿ ಅದರ ಪಕ್ಕದಿಂದ ನುಸುಳಿ ಮುಂದಕ್ಕೆ ಹೋಗಿಬಿಡುತ್ತದೆ. ಒಂದು ಸಲ ಹೆಚ್ಚು, ಒಂದು ಸಲ ಕಡಿಮೆ. ಒಂದು ಗುಂಡು ಸೆಕೆಂಡಿಗೆ 90 ಮೀಟರ್ ವೇಗದಲ್ಲಿ ಹೊರಟು, ಮುಂದಿನದು 80ರಲ್ಲಿ ಹೊರಟಿತು ಅಂದುಕೊಳ್ಳಿ. 30 ಮೀಟರ್ ದೂರ ಹೋಗುವಷ್ಟರಲ್ಲಿ ಎರಡನೆಯದು ಮೊದಲನೆಯದಕ್ಕಿಂತ 14 ಸೆಂಟಿಮೀಟರ್ ಕೆಳಗಿರುತ್ತದೆ. ಗಾಳಿಯ ತಡೆಯನ್ನು ಲೆಕ್ಕಕ್ಕೇ ತಗೊಳ್ಳದೆ ಬಂದ ಉತ್ತರ ಇದು. ಎದೆಗೆ ಗುರಿಯಿಟ್ಟದ್ದು ಹೊಟ್ಟೆಗೆ. ತೀರಾ ಬಿಗಿಯಾದರೆ ಇನ್ನೊಂದು ಕಥೆ: ಸಿಪ್ಪೆ ನಳಿಗೆಯೊಳಗೇ ಒಡೆದು ಬಣ್ಣ ಎಲ್ಲ ಅಲ್ಲೇ.

ಸಿಪ್ಪೆ ಅಂದೆ. ಅದು ಜೆಲಟಿನ್, ನಾವು ನುಂಗುವ ಮಾತ್ರೆಯ ಕ್ಯಾಪ್ಸೂಲ್ ಯಾವುದರಿಂದಲೋ ಅದೇ. ತೇವ ಸಿಕ್ಕರೆ ಹೀರಿಕೊಂಡು ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟ ಹಪ್ಪಳವೇ ಮೂರು ದಿನಕ್ಕೆ ಮೆತ್ತಗಾಗುವುದನ್ನು ಕಂಡವಳು ನಾನು. "ಮೇ ತಿಂಗಳಲ್ಲಿ ಈ ನಳಿಗೆಗೆ ಸರಿಹೋಗ್ತಿದ್ದ ಮಾಲು ಈಗ ಇದರಲ್ಲಿ ಸಿಕ್ಕೊಳ್ತದೆ," ಅಂತ ಅವನು ಮೂರನೆಯದನ್ನು ತೋರಿಸಿ, ಅದಕ್ಕಿಂತ ಅಗಲದ ಮೊದಲನೆಯದನ್ನು ಸಿಕ್ಕಿಸಿದ. ಮಳೆ ನೋಡಿ ಬಂದೂಕಿನ ನಳಿಗೆ ಬದಲಿಸುವವರಿದ್ದಾರೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಮನೆಗೆ ಬರುವ ಲೋಕಲ್‌ನಲ್ಲಿ ನನಗೆ ಬಳೆಗಾರ ನೆನಪಾದ. ಜಾತ್ರೆಯಲ್ಲಿ ಅಜ್ಜಿಯ ಕೈಯನ್ನು ಒಮ್ಮೆ ಒತ್ತಿ ನೋಡಿ, ಅಳೆಯದೆ, ಕೇಳದೆ, ಎರಡು-ನಾಲ್ಕರ ಡಜನ್ ಎತ್ತುತ್ತಿದ್ದ. ಎರಡು-ನಾಲ್ಕು ಅಂದರೆ ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ನಾಲ್ಕು ಪಾಲು. ಮುಂದಿನದು ಎರಡು-ಆರು. ಒಂದರಿಂದ ಒಂದಕ್ಕೆ ಮೂರು ಮಿಲಿಮೀಟರ್ ಹೆಚ್ಚು. ಅಷ್ಟರಲ್ಲಿ ಬಳೆ ಕೈಯಲ್ಲಿ ನಿಲ್ಲಬೇಕೋ, ಒಡೆಯಬೇಕೋ, ಜಾರಬೇಕೋ ತೀರ್ಮಾನವಾಗುತ್ತಿತ್ತು. ಅವನಿಗೆ ಮೂರು ಮಿಲಿಮೀಟರು, ಈ ಹುಡುಗನಿಗೆ ಅರ್ಧಕ್ಕೂ ಕಡಿಮೆ. ಇನ್ನೂ ಸಣ್ಣದು ಇರಬಹುದೇ?

ಇತ್ತು. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲೇ ಇತ್ತು!

ಅಲ್ಲಿಯ ಹುಡುಗಿ 10 ಮೀಟರ್ ಏರ್ ರೈಫಲ್ ಶೂಟರ್. ಪೇಂಟ್‌ಬಾಲಿನ ಕಥೆ ಹೇಳಿದೆ. ಅವಳು ನಕ್ಕು, "ಆಂಟಿ, ಇದನ್ನ ನೋಡಿ," ಅಂತ ಒಂದು ಚಪ್ಪಟೆ ತಗಡಿನ ಡಬ್ಬಿ ತಂದಳು. ಒಳಗೆ 500 ಸೀಸದ ಪೆಲೆಟ್‌ಗಳು. ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದೆ. ಅಯ್ಯೋ, ಎಂಥ ಚೆಂದ! ಡಮರುಗದ ಹಾಗೆ ನಡು ಸಣ್ಣ. ಮುಂದೆ ಚಪ್ಪಟೆ ತಲೆ, ಹಿಂದೆ ಟೊಳ್ಳಾದ ಲಂಗ. ಬೆರಳಿಗೆ ಬೂದು ಮಸಿ ಹತ್ತಿತು. ತೂಕ ಅರ್ಧ ಗ್ರಾಮಿನ ಆಸುಪಾಸು. ಗಾಳಿ ಹಿಂದಿನಿಂದ ನುಗ್ಗಿದಾಗ ಆ ತೆಳು ಲಂಗ ಅರಳಿ ನಳಿಗೆಯ ಗೋಡೆಗೆ ಅಂಟಿಕೊಂಡು ಒಂದು ತೊಟ್ಟು ಗಾಳಿಯೂ ಸೋರದಂತೆ ಮುಚ್ಚುತ್ತದೆ. ತಲೆ ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಹಿಡಿದು, ಬುಗುರಿಯಂತೆ ತಿರುಗುತ್ತ ಹೊರಡುತ್ತದೆ. ಮಲೆನಾಡಿನ ಕೇಪಿನ ಕೋವಿಗೆ ಮದ್ದು ಹಾಕಿ, ಗುಂಡಿಗೂ ನಳಿಗೆಗೂ ನಡುವಿನ ಸಂದನ್ನು ತೆಂಗಿನ ನಾರು ತುರುಕಿ ಜಡಿಯುತ್ತಿದ್ದರಲ್ಲ, ಆ ನಾರಿನ ಕೆಲಸವನ್ನು ಇಲ್ಲಿ ಗುಂಡು ತಾನೇ ಮಾಡಿಕೊಳ್ಳುತ್ತದೆ.

ಡಬ್ಬಿಯ ಮೇಲೆ 4.49 ಅಂತ ಬರೆದಿತ್ತು. ಅವಳ ಕಪಾಟಿನಲ್ಲಿ ಇನ್ನೂ ಎರಡು ಅಳತೆಯ ಡಬ್ಬಿಗಳಿದ್ದವು: 4.50, 4.51. ಪೆಲೆಟ್ಟಿನ ತಲೆಯ ಅಗಲ, ಮಿಲಿಮೀಟರಿನಲ್ಲಿ. ಒಂದಕ್ಕೂ ಇನ್ನೊಂದಕ್ಕೂ ನೂರರಲ್ಲಿ ಒಂದು ಮಿಲಿಮೀಟರು! ತಲೆಗೂದಲನ್ನು ಉದ್ದಕ್ಕೆ ಏಳು ಪಾಲಾಗಿ ಸೀಳಿದರೆ ಒಂದು ಪಾಲು ಸುಮಾರು ಅಷ್ಟಿರುತ್ತದೆ. ಯಾವ ಕೈಗೆ ಗೊತ್ತಾಗಬೇಕು ಅದು? ಯಾವ ಕಣ್ಣಿಗೆ? ನಳಿಗೆಗೆ ಗೊತ್ತಾಗುತ್ತದೆ.

ಮುಂದಿನ ಭಾನುವಾರ ಅವಳ ಜೊತೆ ರೇಂಜಿಗೆ ಹೋದೆ. ರೈಫಲನ್ನು ಅವಳು ಹಿಡಿಯಲೇ ಇಲ್ಲ. ಬಡಗಿಯ ಮೇಜಿನ ಮೇಲಿರುವಂಥ ಕಬ್ಬಿಣದ ವೈಸಿಗೆ ಕಚ್ಚಿಸಿದಳು. ಮನುಷ್ಯನ ಉಸಿರು, ಎದೆಬಡಿತ, ಕೈನಡುಕ ಯಾವುದೂ ನಡುವೆ ಬರಬಾರದು. ನಳಿಗೆ ಮತ್ತು ಗುಂಡು ಇಬ್ಬರೇ ಮಾತಾಡಿಕೊಳ್ಳಬೇಕು. ಒಂದು ಡಬ್ಬಿಯಿಂದ ಹತ್ತು ಗುಂಡು. ಕಾಗದ ಬದಲು. ಇನ್ನೊಂದು ಡಬ್ಬಿಯಿಂದ ಹತ್ತು. ಒಂದು ಪೆಲೆಟ್ಟಿನ ತೂತು ಹೆಸರುಕಾಳಿನಷ್ಟು. ಮೊದಲ ಡಬ್ಬಿಯ ಹತ್ತು ಗುಂಡುಗಳು ಸೇರಿ ಬಟಾಣಿಯಷ್ಟು ತೂತು ಮಾಡಿದ್ದವು, ಅಂಚು ಹರಿದು ಹೂವಿನ ಎಸಳಿನಂತೆ. ಎರಡನೆಯದು ಅದಕ್ಕಿಂತ ಚಿಕ್ಕದು. ಮೂರನೆಯ ಕಾಗದ ಕೈಗೆ ಬಂದಾಗ ನಾನು ಕನ್ನಡಕ ಒರೆಸಿಕೊಂಡೆ. ಒಂದೇ ತೂತು. ತೊಗರಿಕಾಳು ಕೂರುವಷ್ಟು, ದುಂಡಗೆ. ಹತ್ತು ಗುಂಡುಗಳು ಒಂದರ ಹಿಂದೊಂದು ಅದೇ ಬಾಗಿಲಿನಿಂದ ಹಾದುಹೋಗಿದ್ದವು!

ಇನ್ನೂ ದೊಡ್ಡ ಬೆರಗು ಆಮೇಲೆ. ಗೆದ್ದ ಆ ಮೂರನೆಯ ಡಬ್ಬಿ ಮತ್ತು ಸೋತ ಮೊದಲನೆಯದು ಎರಡೂ ಒಂದೇ ಕಂಪನಿಯವು, ಎರಡರ ಮೇಲೂ 4.50 ಎಂದೇ ಇತ್ತು. ಬೇರೆಯಾಗಿದ್ದದ್ದು ಡಬ್ಬಿಯ ಮೇಲಿನ ಲಾಟ್ ಸಂಖ್ಯೆ ಮಾತ್ರ. ಅಚ್ಚು ಸವೆದಿರುತ್ತದೆ, ಸೀಸದ ಹದ ಒಂದು ಕೂದಲಷ್ಟು ಬದಲಾಗಿರುತ್ತದೆ, ಅಷ್ಟು ಸಾಕು. ಒಂದೇ ಕಾರ್ಖಾನೆಯ ಒಂದೇ ಮಾದರಿಯ ಪಕ್ಕದ ರೈಫಲಿಗೆ ಈ ಗುಂಡು ಒಗ್ಗಬೇಕೆಂದೂ ಇಲ್ಲ. ಕಂಕಣ ಕೂಡಿಬರಬೇಕು ಅಂತಾರಲ್ಲ ಹಾಗೆ. ಜಾತಕ ನೋಡಿ ಪ್ರಯೋಜನವಿಲ್ಲ, ಹೊಡೆದೇ ನೋಡಬೇಕು. ಅದಕ್ಕೇ ದೊಡ್ಡ ಶೂಟರ್‌ಗಳು ತಮ್ಮ ನಳಿಗೆಗೆ ಒಪ್ಪಿದ ಲಾಟ್ ಸಿಕ್ಕಿದರೆ ಅದರದ್ದೇ ಡಬ್ಬಿಗಳನ್ನು ರಾಶಿಗಟ್ಟಲೆ ಕೊಂಡಿಟ್ಟುಕೊಳ್ಳುತ್ತಾರೆ. ಬೆಂಕಿಮದ್ದಿನ .22 ತೋಟಾ ಹಾರಿಸುವವರದ್ದೂ ಇದೇ ಹುಡುಕಾಟ.

ಇಷ್ಟೆಲ್ಲ ಯಾಕೆ ಅಂದರೆ, ಗುರಿ ಹಲಗೆಯ ನಡುವಿನ ಹತ್ತರ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಪೆನ್ನಿನ ತುದಿ ಮುಟ್ಟಿಸಿದಷ್ಟು. ಗುಂಡಿನ ಅಂಚು ಅದನ್ನು ಸವರಿದರೂ ಹತ್ತು ಅಂಕ. ಅಂದರೆ ಗುಂಡಿನ ನಡು, ಗುರಿಯ ನಡುವಿನಿಂದ ಎರಡೂವರೆ ಮಿಲಿಮೀಟರಿನೊಳಗೆ ಇರಬೇಕು. ಅಲ್ಲಿಂದ ಒಳಕ್ಕೆ ದಶಮಾಂಶದ ಲೆಕ್ಕ: ಪ್ರತಿ ಕಾಲು ಮಿಲಿಮೀಟರಿಗೆ 0.1 ಅಂಕ, 10.9ರವರೆಗೆ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 0.8 ಅಂಕದ ಅಂತರದಲ್ಲಿ, 700.5ಕ್ಕೆ 699.7. ಕಾಗದದ ಮೇಲೆ ಅಳೆದರೆ 2 ಮಿಲಿಮೀಟರು!

ಈಗ ಇದೇ ಏರ್ ರೈಫಲಿನ ಶೂಟರ್ ಸುಮಾ ಶಿರೂರ್ ಅವರ ವಿಷಯಕ್ಕೆ ಬರುತ್ತೇನೆ, ಮೊದಲೇ ಬರಬೇಕಿತ್ತು. ಹುಟ್ಟಿದ್ದು ನಮ್ಮ ಚಿಕ್ಕಬಳ್ಳಾಪುರದಲ್ಲಿ, ಬೆಳಗಿದ್ದು ಮುಂಬಯಿಯಲ್ಲಿ. ವರಳಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಶನ್ನಿನ ರೇಂಜಿನಲ್ಲಿ ಸಂಜಯ್ ಚಕ್ರವರ್ತಿ ಎಂಬ ಗುರು ತಯಾರು ಮಾಡಿದ ಹುಡುಗಿಯರಲ್ಲಿ ಅಂಜಲಿ ಭಾಗವತ್, ದೀಪಾಲಿ ದೇಶಪಾಂಡೆ ಜೊತೆ ಇವರೂ ಒಬ್ಬರು. 2002ರಲ್ಲಿ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅಂಜಲಿ ಜೊತೆ ಜೋಡಿ ಚಿನ್ನ. 2003ರಲ್ಲಿ ಅರ್ಜುನ ಪ್ರಶಸ್ತಿ. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್ ಫೈನಲ್. ಆದರೆ ನನ್ನ ಮೈ ಜುಮ್ಮೆನಿಸುವುದು ಅದೇ ವರ್ಷದ ಕೌಲಾಲಂಪುರ. ಏಷ್ಯನ್ ಶೂಟಿಂಗ್ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನಲ್ಲಿ 40 ಗುಂಡು, 400 ಅಂಕ. ನೂರಕ್ಕೆ ನೂರು. ದಶಮಾಂಶವಿಲ್ಲದ ಆಗಿನ ಲೆಕ್ಕದಲ್ಲಿ ಅದಕ್ಕಿಂತ ಮೇಲೆ ಅಂಕವೇ ಇರಲಿಲ್ಲ. ವಿಶ್ವದಾಖಲೆಗೆ ಸಮ!

ತೂತುಗಳ ಲೆಕ್ಕದಲ್ಲಿ ಅದನ್ನು ಯೋಚಿಸಿ ನೋಡಿ. ಭಾರದ ಜಾಕೆಟ್ ತೊಟ್ಟು ನಿಂತು, ಒಂದರ ಹಿಂದೊಂದು ನಲವತ್ತು ಸಲ ಉಸಿರು ಹಿಡಿದು, ನಲವತ್ತು ಸಲವೂ ಹತ್ತು ಮೀಟರಾಚೆಯ ಎರಡೂವರೆ ಮಿಲಿಮೀಟರಿನೊಳಗೆ. ಪೆಲೆಟ್ಟೇ ಬಟಾಣಿಯಷ್ಟು ಚದುರುವಂಥದ್ದಾದರೆ ಅದರಲ್ಲಿ ಹೆಚ್ಚುಕಮ್ಮಿ ಎರಡು ಮಿಲಿಮೀಟರನ್ನು ಗುಂಡೇ ನುಂಗಿಬಿಡುತ್ತದೆ. ಉಳಿದ ಅರ್ಧದಲ್ಲಿ ಮನುಷ್ಯನ ಎದೆಬಡಿತ ಎಲ್ಲಿ ಹಿಡಿಸಬೇಕು? ತೊಗರಿಕಾಳಿನ ಡಬ್ಬಿ ಸಿಕ್ಕರೆ ಮಾತ್ರ ಮನುಷ್ಯನಿಗೊಂದು ಜಾಗ ಸಿಗುತ್ತದೆ.

ಸುಮಾ ಅವರು ಪನ್ವೇಲ್‌ನಲ್ಲಿ ಲಕ್ಷ್ಯ ಶೂಟಿಂಗ್ ಕ್ಲಬ್ ಕಟ್ಟಿದರು. ಅವರ ಗರಡಿಯಲ್ಲಿ ಪಳಗಿದ ಅವನಿ ಲೇಖರಾ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ 249.6, ಪ್ಯಾರಿಸ್‌ನಲ್ಲಿ 249.7 ಹೊಡೆದು ಎರಡು ಸಲ ಚಿನ್ನ ತಂದರು. ಮೂರು ವರ್ಷದ ನಡುವೆ ಏರಿದ್ದು 0.1. ಒಂದು ಕಾಲು ಮಿಲಿಮೀಟರ್.

ಮೂರನೆಯ ಕಾಗದವನ್ನು ನಾನು ಕೇಳಿ ಇಸಕೊಂಡು ಬಂದೆ. ಅಣ್ಣನ ಮಗ ಬಂದಾಗ ತೋರಿಸಿದೆ. ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಹೊರಗೆ ಮಳೆ ಬಿಟ್ಟಿರಲಿಲ್ಲ.

"ಅತ್ತೆ, ಇದು ಒಂದೇ ಗುಂಡು ಅಲ್ವಾ?" ಅಂದ.

"ಹತ್ತು," ಅಂದೆ.

ಅವನು ಕಾಗದ ತಿರುಗಿಸಿ ಹಿಂಬದಿಯಿಂದ ಇನ್ನೊಮ್ಮೆ ನೋಡಿದ.