ಕಳಲೆಯ ಸುತ್ತ ಒಂದು ದಿನ: ಗುಡಿ, ಕಮಾನು, ಬಾಳೆತೋಟ

ಗುಡಿಗಳ, ತೋಟಗಳ ಊರು ಎಂದೊಡನೆ ಪ್ರವಾಸಿಗರಿಗೆ ನೆನಪಾಗುವುದು ಜಪಾನಿನ ಕ್ಯೋಟೋ. ಕ್ರಿ.ಶ. 794ರಿಂದ ಸಾವಿರ ವರ್ಷಕ್ಕೂ ಮಿಕ್ಕಿ ರಾಜಧಾನಿಯಾಗಿದ್ದ ಊರದು. ಅಲ್ಲಿನ ಹಾಗೂ ಆಸುಪಾಸಿನ 17 ಸ್ಮಾರಕಗಳು 1994ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳಲ್ಲೊಂದಾದ ರಿಯೋಆನ್‌ಜಿ ದೇವಾಲಯದ ಪ್ರಸಿದ್ಧ ಉದ್ಯಾನದಲ್ಲಿರುವುದು ಬಿಳಿಯ ಹರಳು ಹಾಸಿನ ಮೇಲೆ 15 ಬಂಡೆಗಳು. ಜಗಲಿಯ ಮೇಲೆ ಎಲ್ಲಿ ಕುಳಿತರೂ ಒಂದಾದರೂ ಬಂಡೆ ಮರೆಯಾಗಿರುತ್ತದೆ. ಎಲ್ಲವನ್ನೂ ನೋಡಬೇಕೆಂದರೆ ಎದ್ದು ಓಡಾಡಲೇಬೇಕು.

ಮೈಸೂರು ಜಿಲ್ಲೆಯ ವಿದ್ಯಾರ್ಥಿಗಳಿಗೆ ಗುಡಿ ಮತ್ತು ತೋಟ ಎರಡೂ ಒಂದೇ ದಿನದಲ್ಲಿ ದೊರೆಯುವ ಜಾಗ ನಂಜನಗೂಡು ಮತ್ತು ಅದೇ ತಾಲ್ಲೂಕಿನ ಕಳಲೆ.

ಕಳಲೆ ಇಂದು ಪುಟ್ಟ ಊರು. 18ನೇ ಶತಮಾನದಲ್ಲಿ ಮೈಸೂರಿನ ಸಿಂಹಾಸನದ ಮೇಲೆ ಒಡೆಯರಿದ್ದರೂ ಅಧಿಕಾರ ಕಳಲೆ ಮನೆತನದ ದಳವಾಯಿಗಳ ಕೈಯಲ್ಲಿತ್ತು. ದೇವರಾಜಯ್ಯ, ನಂಜರಾಜಯ್ಯ ಸಹೋದರರು ಇವರಲ್ಲಿ ಪ್ರಮುಖರು. ನಂಜರಾಜಯ್ಯ ಸ್ವತಃ ಗ್ರಂಥಕರ್ತ. ನೃಸಿಂಹ ಕವಿಯ ಸಂಸ್ಕೃತ ಅಲಂಕಾರ ಗ್ರಂಥ 'ನಂಜರಾಜಯಶೋಭೂಷಣ'ಕ್ಕೆ ಇವರೇ ನಾಯಕ. ಇವರ ಆಶ್ರಯದಲ್ಲಿ ಮೇಲೆ ಬಂದ ಹೈದರಾಲಿ 1761ರಲ್ಲಿ ಅಧಿಕಾರ ಹಿಡಿದ ಮೇಲೆ ಮನೆತನದ ವೈಭವ ಇಳಿಯಿತು. ಉಳಿದಿರುವ ಗುರುತುಗಳಲ್ಲಿ ಊರಿನ ಲಕ್ಷ್ಮೀಕಾಂತಸ್ವಾಮಿ ದೇವಾಲಯ ಮುಖ್ಯವಾದುದು.

ಕಳಲೆಯಿಂದ ನಂಜನಗೂಡಿಗೆ ಬಂದರೆ ಶ್ರೀಕಂಠೇಶ್ವರ ದೇವಾಲಯದ ಒಂಬತ್ತು ಅಂತಸ್ತಿನ ಗೋಪುರ ದೂರದಿಂದಲೇ ಕಾಣುತ್ತದೆ. ಸುಮಾರು 120 ಅಡಿ ಎತ್ತರದ ಈ ಗೋಪುರವನ್ನು ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ. ದೇವಾಲಯದ ಉದ್ದ 385 ಅಡಿ, ಅಗಲ 160 ಅಡಿ; ಕಂಬಗಳು 147. ಇಷ್ಟೊಂದು ಕಂಬಗಳೇಕೆ? ಉತ್ತರ ಕಲ್ಲಿನ ಗುಣದಲ್ಲಿದೆ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ಎರಡು ಕಂಬಗಳ ಮೇಲೆ ಅಡ್ಡಲಾಗಿಟ್ಟ ತೊಲೆಯ ಕೆಳಭಾಗ ಎಳೆತಕ್ಕೆ ಸಿಲುಕುತ್ತದೆ. ತೊಲೆ ಉದ್ದವಾದಷ್ಟೂ ಬಿರುಕು ಬಿಡುವ ಅಪಾಯ ಹೆಚ್ಚು. ಆದ್ದರಿಂದಲೇ ಶಿಲ್ಪಿಗಳು ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿದರು.

ಇದೇ ತೊಡಕಿಗೆ ಇನ್ನೊಂದು ಪರಿಹಾರ ಕಪಿಲಾ ನದಿಯ ಮೇಲಿದೆ. ದಳವಾಯಿ ದೇವರಾಜಯ್ಯ 1735ರ ಸುಮಾರಿಗೆ ಕಟ್ಟಿಸಿದ ಸೇತುವೆ ಅದು. ಕಮಾನಿನಲ್ಲಿ ಪ್ರತಿಯೊಂದು ಕಲ್ಲೂ ಪಕ್ಕದ ಕಲ್ಲನ್ನು ಒತ್ತಿ ಹಿಡಿದು, ಭಾರವನ್ನು ಕೆಳಗಿನ ಕಂಬಗಳಿಗೆ ದಾಟಿಸುತ್ತದೆ. ಎಳೆತಕ್ಕೆ ಎಡೆಯೇ ಇಲ್ಲ. ಎತ್ತಿನ ಗಾಡಿಗಳ ಕಾಲದ ಈ ಸೇತುವೆಯ ಮೇಲೆ ಮುಂದೆ ರೈಲೂ ಓಡಿತು. ಬ್ರಾಡ್‌ಗೇಜ್ ಬಂದ ಮೇಲೆ ರೈಲಿಗೆ ಬೇರೆ ಸೇತುವೆಯಾಗಿದೆ. ಜಾತ್ರೆಯಲ್ಲಿ ಐದು ತೇರುಗಳನ್ನು ನೋಡಲು ಸೇರುವ ಜನರಲ್ಲಿ ಈ ಸೇತುವೆಯತ್ತ ತಿರುಗಿ ನೋಡುವವರು ಕಡಿಮೆ.

ಇನ್ನು ತೋಟದ ಮಾತು. ನಂಜನಗೂಡು ರಸಬಾಳೆಯ ಪರಿಮಳ, ಸವಿ ಎಲ್ಲರೂ ಬಲ್ಲದ್ದು; ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಆದರೆ ಪನಾಮಾ ಸೊರಗು ರೋಗದಿಂದ ತೋಟಗಳು ಬಹಳ ಕುಗ್ಗಿವೆ. ಮಣ್ಣಿನಲ್ಲಿರುವ ಶಿಲೀಂಧ್ರವೊಂದು ಬೇರಿನ ಮೂಲಕ ಒಳಹೊಕ್ಕು ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಎಲೆ ಹಳದಿಯಾಗಿ ಗಿಡ ಸೊರಗುತ್ತದೆ. ಬಾಳೆಯನ್ನು ಬೀಜದಿಂದಲ್ಲ, ಕಂದುಗಳಿಂದ ಬೆಳೆಸುವುದರಿಂದ ಗಿಡಗಳೆಲ್ಲ ಒಂದೇ ಅಚ್ಚಿನವು. ಒಂದನ್ನು ಕೆಡಿಸುವ ರೋಗ ಎಲ್ಲವನ್ನೂ ಕೆಡಿಸಬಲ್ಲದು. ರೋಗದ ಗಿಡದ ಕಂದು ನೆಟ್ಟರೆ ರೋಗವನ್ನೇ ನೆಟ್ಟಂತೆ. ಅಂಗಾಂಶ ಕೃಷಿಯ ಸಸಿಗಳು ರೋಗಮುಕ್ತವಾಗಿದ್ದರೂ, ಮಣ್ಣಿನಲ್ಲಿ ಹಲವು ವರ್ಷ ಬದುಕುವ ಶಿಲೀಂಧ್ರ ಕಾದಿರುತ್ತದೆ.

ಹಳೆಯದು ತಾನಾಗಿ ಉಳಿಯುವುದಿಲ್ಲ. ಕ್ಯೋಟೋದ ಹೊಂಬಣ್ಣದ ಮಂಟಪ ಕಿಂಕಾಕುಜಿ 1950ರಲ್ಲಿ ಬೆಂಕಿಗೆ ಆಹುತಿಯಾಯಿತು. 1955ರಲ್ಲಿ ಮತ್ತೆ ಎದ್ದು ನಿಂತಿತು. ಊರಿನ ನೋಟ ಕೆಡದಿರಲೆಂದು ನಗರಾಡಳಿತ 2007ರಲ್ಲಿ ಮಧ್ಯಭಾಗದ ಕಟ್ಟಡಗಳ ಎತ್ತರದ ಮಿತಿಯನ್ನು 45 ಮೀಟರಿನಿಂದ 31 ಮೀಟರಿಗೆ ಇಳಿಸಿತು. ಕಟ್ಟಡವನ್ನು ಹೀಗೆ ಮರಳಿ ಕಟ್ಟಬಹುದು. ಬಾಳೆಯ ತಳಿ ಒಮ್ಮೆ ಹೋದರೆ ಮರಳಿ ತರುವುದು ಸುಲಭವಲ್ಲ.

ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಹೋದಾಗ ದರ್ಶನ ಮುಗಿಸಿ ಒಡನೆಯೇ ಬಸ್ಸು ಹತ್ತಬಾರದು. ಕಂಬಗಳ ನಡುವಿನ ಅಂತರವನ್ನು ಮಕ್ಕಳೇ ಹೆಜ್ಜೆಯಲ್ಲಿ ಅಳೆಯಲಿ. ನೀರಿಗಿಳಿಯದೆ, ದಡದಲ್ಲಿ ನಿಂತು ಸೇತುವೆಯ ಚಿತ್ರ ಬರೆಯಲಿ. ರಸಬಾಳೆ ಬೆಳೆಯುವ ರೈತರು ಸಿಕ್ಕರೆ, ಈ ಸಲದ ಕಂದು ಎಲ್ಲಿಂದ ತಂದಿರಿ ಎಂದು ಕೇಳಲಿ.