ಘಟ್ಟದ ಇಳಿಜಾರಿನಲ್ಲಿ ಬ್ರೇಕಿಗೆ ಬಲವೆಲ್ಲಿಂದ?

ಚೌತಿಗಾಗಲಿ, ಊರಿನ ನೇಮ-ಜಾತ್ರೆಗಳಿಗಾಗಲಿ, ರಜೆ ಪಡೆದು ತಾಯ್ನೆಲಕ್ಕೆ ಹೊರಡುವ ನಮ್ಮ ಬಂಧುಗಳು ನಾಲ್ಕಾರು ಮಂದಿ ಕೂಡಿ ಒಂದು ಕಾರಿನಲ್ಲಿ ಪ್ರಯಾಣ ಮಾಡುವುದು ಇಂದು ಸಾಮಾನ್ಯವಾಗಿದೆ. ಪುಣೆ, ಕೊಲ್ಹಾಪುರಗಳ ದಾರಿ ಹಿಡಿದವರು ಹೋಗುವಾಗ ಅಂಬೋಲಿಯಂಥ ಘಟ್ಟವನ್ನು ಇಳಿಯಬೇಕು. ಮರಳುವಾಗ ಖಂಡಾಳದ ಬೋರ್ ಘಟ್ಟವನ್ನು ಇಳಿಯಬೇಕು. ಆ ಇಳಿಜಾರಿನಲ್ಲಿ ನಮ್ಮನ್ನು ಕಾಯುವ ಬ್ರೇಕಿಗೆ ಬಲ ಎಲ್ಲಿಂದ ಬರುತ್ತದೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ?

ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಹುಟ್ಟಿ, 2023ರ ಅಕ್ಟೋಬರಿನವರೆಗೂ ಈ ನಗರದ ಟ್ಯಾಕ್ಸಿಯಾಗಿ ದುಡಿದ ಪದ್ಮಿನಿಯನ್ನು ನಾವಾರೂ ಮರೆತಿಲ್ಲ. ಅದನ್ನು ನಿಲ್ಲಿಸಲು ಚಾಲಕನ ಕಾಲಿನ ಕಸುವೇ ಬೇಕಾಗುತ್ತಿತ್ತು. ಇಂದಿನ ಕಾರುಗಳಲ್ಲಿ ಬೆರಳ ತುದಿ ಸೋಕಿದಂತೆ ಪೆಡಲನ್ನು ಮೆಟ್ಟಿದರೂ ಗಾಡಿ ನಿಲ್ಲುತ್ತದೆ. ಈ ಸೌಕರ್ಯವನ್ನು ಒದಗಿಸುವುದು ಸರ್ವೋ ಎಂಬ ಸಾಧನ. ಅದಕ್ಕೆ ಶಕ್ತಿಯಾಗಿರುವುದು ನಿರ್ವಾತ.

ಎಳನೀರಿಗೆ ಕೊಳವೆಯಿಟ್ಟು ಹೀರುವಾಗ ಬಾಯೊಳಗೆ ಗಾಳಿಯ ಒತ್ತಡ ಕುಗ್ಗುತ್ತದೆ; ಹೊರಗಿನ ವಾಯುಮಂಡಲವೇ ನೀರನ್ನು ಮೇಲಕ್ಕೆ ತಳ್ಳುತ್ತದೆ. ಪೆಟ್ರೋಲ್ ಇಂಜಿನು ಉಸಿರೆಳೆಯುವ ರೀತಿಯೂ ಇದೇ. ಆ್ಯಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಗಾಳಿಯ ದಾರಿಯಲ್ಲಿರುವ ಥ್ರಾಟಲ್ ಎಂಬ ಮುಚ್ಚಳ ಮುಚ್ಚಿಕೊಳ್ಳುತ್ತದೆ. ಇಂಜಿನು ಹೀರುತ್ತಲೇ ಇರುವುದರಿಂದ ಮುಚ್ಚಳದ ಒಳಭಾಗದಲ್ಲಿ ನಿರ್ವಾತ ಉಂಟಾಗುತ್ತದೆ. ಅಲ್ಲಿಂದ ಒಂದು ಕೊಳವೆ ಸರ್ವೋ ಡಬ್ಬಿಗೆ ಹೋಗುತ್ತದೆ. ಡಬ್ಬಿಯ ನಡುವೆ ರಬ್ಬರಿನ ಪರದೆಯಿದೆ. ಪೆಡಲನ್ನು ಒತ್ತಿದಾಗ ಪರದೆಯ ಒಂದು ಬದಿಗೆ ಹೊರಗಿನ ಗಾಳಿ ನುಗ್ಗುತ್ತದೆ, ಮತ್ತೊಂದು ಬದಿಯಲ್ಲಿ ನಿರ್ವಾತವೇ ಉಳಿದಿರುತ್ತದೆ. ಆಗ ಪರದೆ ಮುಂದಕ್ಕೆ ತಳ್ಳಲ್ಪಟ್ಟು ಬ್ರೇಕಿಗೆ ನೆರವಾಗುತ್ತದೆ. ಪರದೆ 23 ಸೆಂಟಿಮೀಟರ್ ಅಗಲವಿದ್ದು, ಎರಡೂ ಬದಿಗಳ ಒತ್ತಡದ ಅಂತರ ಚದರ ಸೆಂಟಿಮೀಟರಿಗೆ 0.6 ಕಿಲೋ ಇದ್ದರೆ, ದೊರೆಯುವ ಬಲ ಸುಮಾರು 250 ಕಿಲೋ! ಗಾಳಿಯ ಸಾಮರ್ಥ್ಯ ಎಷ್ಟೆಂಬುದು ಇದರಿಂದ ವಿದಿತವಾಗುತ್ತದೆ.

ಇನ್ನು ಟರ್ಬೋ ವಿಚಾರ. ಸ್ವಿಸ್ ಇಂಜಿನಿಯರ್ ಆಲ್ಫ್ರೆಡ್ ಬೂಶಿ 1905ರಲ್ಲಿ ಇದರ ಪೇಟೆಂಟ್ ಪಡೆದರು. ಹೊರಹೋಗುವ ಹೊಗೆಯಿಂದ ಒಂದು ಚಕ್ರ ತಿರುಗುತ್ತದೆ. ಅದೇ ಅಚ್ಚಿಗೆ ಕೂಡಿದ ಇನ್ನೊಂದು ಚಕ್ರ ಗಾಳಿಯನ್ನು ಅದುಮಿ ಇಂಜಿನಿಗೆ ತುಂಬುತ್ತದೆ. ವೇಗದ ಹುಚ್ಚಿರುವ ತರುಣರು ಹಳೆಯ ಪೆಟ್ರೋಲ್ ಕಾರಿಗೂ ಗ್ಯಾರೇಜಿನಲ್ಲಿ ಟರ್ಬೋ ಕೂಡಿಸಿಕೊಳ್ಳುವುದುಂಟು. ತೊಡಕು ಹುಟ್ಟುವುದು ಅಲ್ಲಿಯೇ. ಟರ್ಬೋ ಗಾಳಿಯನ್ನು ತುರುಕುವಾಗ, ನಿರ್ವಾತವಿರಬೇಕಾದ ಸ್ಥಳದಲ್ಲಿ ವಾಯುಮಂಡಲವನ್ನು ಮೀರಿದ ಒತ್ತಡವಿರುತ್ತದೆ. ಆ ಗಾಳಿ ಸರ್ವೋ ಡಬ್ಬಿಗೆ ನುಗ್ಗಿದರೆ ನೆರವು ಇಲ್ಲವಾಗುತ್ತದೆ, ಪೆಡಲು ಕಲ್ಲಾಗುತ್ತದೆ.

ಇದನ್ನು ತಡೆಯುವುದು ಕೊಳವೆಯಲ್ಲಿರುವ ಒಮ್ಮುಖದ ವಾಲ್ವು. ಸೀಮೆಎಣ್ಣೆಯ ಪಂಪ್ ಸ್ಟೌವನ್ನು ಬಳಸಿದ ನಮ್ಮ ಹಿರಿಯ ಭಟ್ಟರಿಗೆ ಇದನ್ನು ವಿವರಿಸಬೇಕಾಗಿಲ್ಲ: ಪಂಪಿನ ವಾಲ್ವು ಗಾಳಿಯನ್ನು ಒಳಗೆ ಬಿಡುತ್ತದೆ, ಹಿಂದಕ್ಕೆ ಬಿಡದು, ಅದು ಕೆಟ್ಟರೆ ಎಣ್ಣೆಯೇ ಪಂಪಿಗೆ ಮರಳುತ್ತದೆ. ಸರ್ವೋದ ವಾಲ್ವು ಡಬ್ಬಿಯ ಗಾಳಿಯನ್ನು ಇಂಜಿನಿನ ಕಡೆಗೆ ಬಿಡುತ್ತದೆ, ಇಂಜಿನಿನ ಗಾಳಿಯನ್ನು ಡಬ್ಬಿಗೆ ಬಿಡದು. ಆದುದರಿಂದ ಮೊದಲೇ ಕೂಡಿಟ್ಟ ನಿರ್ವಾತ ಎರಡು-ಮೂರು ಸಲ ಬ್ರೇಕ್ ಹಾಕಲು ಸಾಕಾಗುತ್ತದೆ. ಆ್ಯಕ್ಸಿಲರೇಟರಿನಿಂದ ಕಾಲು ತೆಗೆದರೆ ಕ್ಷಣಾರ್ಧದಲ್ಲಿ ಹೊಸ ನಿರ್ವಾತ ಸಿದ್ಧವಾಗುತ್ತದೆ. ಟರ್ಬೋ ಇದ್ದರೂ ಬ್ರೇಕು ಕೆಲಸ ಮಾಡುವ ರಹಸ್ಯ ಇಷ್ಟೇ.

ಕಾರ್ಖಾನೆಯಿಂದಲೇ ಟರ್ಬೋ ಸಹಿತ ಬರುವ ಕಾರುಗಳಲ್ಲಿ ತಯಾರಕರು ಇದನ್ನೆಲ್ಲ ಮೊದಲೇ ಯೋಚಿಸಿರುತ್ತಾರೆ; ಹಲವಕ್ಕೆ ಪ್ರತ್ಯೇಕ ನಿರ್ವಾತ ಪಂಪನ್ನೂ ಇಟ್ಟಿರುತ್ತಾರೆ. ಥ್ರಾಟಲಿನ ತಡೆಯಿಂದ ನಿರ್ವಾತ ದೊರೆಯದ ಡೀಸೆಲ್ ಇಂಜಿನಿಗಂತೂ ಅಂಥ ಪಂಪು ಬೇಕೇ ಬೇಕು. ಗ್ಯಾರೇಜಿನ ಮಾರ್ಪಾಟಿನಲ್ಲಿ ಮಾತ್ರ ಮಾಲಿಕನೇ ಎಚ್ಚರ ವಹಿಸಬೇಕು. ಕೊಳವೆಯನ್ನು ಥ್ರಾಟಲಿಗೂ ಇಂಜಿನಿಗೂ ನಡುವೆಯೇ ಜೋಡಿಸಬೇಕು. ವಾಲ್ವು, ಕೊಳವೆ, ಬಿಗಿಪಟ್ಟಿಗಳೆಲ್ಲ ಹೀರುವಿಕೆಯನ್ನಷ್ಟೇ ಅಲ್ಲ, ಒಳಗಿನ ಒತ್ತಡವನ್ನೂ ತಾಳುವಂಥವಾಗಿರಬೇಕು. ಅಲ್ಲದೆ, 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಮನಬಂದಂತೆ ವಾಹನವನ್ನು ಮಾರ್ಪಡಿಸಲು ಅವಕಾಶ ಕೊಡುವುದಿಲ್ಲ.

ಟರ್ಬೋ ಇರಲಿ, ಇಲ್ಲದಿರಲಿ, ಎಲ್ಲರೂ ಮಾಡಬಹುದಾದ ಪರೀಕ್ಷೆಯೊಂದಿದೆ. ಇಂಜಿನು ನಿಲ್ಲಿಸಿ, ಪೆಡಲು ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಬೇಕು. ಬಳಿಕ ಅದನ್ನು ಒತ್ತಿಹಿಡಿದೇ ಇಂಜಿನು ಚಾಲೂ ಮಾಡಬೇಕು. ಪೆಡಲು ಕೊಂಚ ಕೆಳಕ್ಕಿಳಿದರೆ ಸರ್ವೋ ಸ್ವಸ್ಥ. ಇಳಿಯದಿದ್ದರೆ ಪ್ರಯಾಣಕ್ಕೆ ಮೊದಲು ಮೆಕ್ಯಾನಿಕನ ಬಳಿಗೆ ಒಯ್ಯುವುದು ಲೇಸು.

ಪೆಟ್ರೋಲ್ ಉಳಿಸುವ ಆಸೆಯಿಂದ ಘಟ್ಟದಲ್ಲಿ ಇಂಜಿನು ನಿಲ್ಲಿಸಿ ಕಾರನ್ನು ಉರುಳಬಿಡುವ ಪರಿಪಾಠ ನಮ್ಮಲ್ಲಿ ಕೆಲವರಿಗಿದೆ. ಇಂಜಿನು ನಿಂತರೆ ನಿರ್ವಾತದ ಉತ್ಪತ್ತಿಯೂ ನಿಲ್ಲುತ್ತದೆ. ಕೂಡಿಟ್ಟದ್ದು ಎರಡು ತಿರುವುಗಳಲ್ಲಿ ಮುಗಿದರೆ ಮೂರನೆಯ ತಿರುವಿನಲ್ಲಿ ಗತಿಯೇನು? ಬ್ರೇಕು ಪೂರ್ಣವಾಗಿ ಇಲ್ಲವಾಗದು, ನಿಜ. ಆದರೆ ಪದ್ಮಿನಿಯ ಚಾಲಕನಿಗಿಂತಲೂ ಹೆಚ್ಚಿನ ಕಾಲ್ಬಲ ಬೇಕಾದೀತು. ಇಂಜಿನು ನಡೆಯುತ್ತಿದ್ದು, ಕೆಳಗಿನ ಗೇರಿನಲ್ಲಿ, ಆ್ಯಕ್ಸಿಲರೇಟರಿನಿಂದ ಕಾಲು ತೆಗೆದು ಇಳಿದರೆ ಇಂಜಿನೇ ಗಾಡಿಯನ್ನು ಹಿಡಿದಿಡುತ್ತದೆ, ಒಳ್ಳೆಯ ನಿರ್ವಾತವನ್ನೂ ಒದಗಿಸುತ್ತದೆ.

ತಿಂಗಳುಗಟ್ಟಲೆ ದುಡಿದು ಉಳಿಸಿದ ಹಣದಿಂದ ಮನೆಮಂದಿಗೆ ಸೀರೆ, ಸಿಹಿತಿಂಡಿ ಕಟ್ಟಿಕೊಂಡು ನಾವು ಹೊರಡುತ್ತೇವೆ. ಮನೆಯ ಜಗಲಿಯಲ್ಲಿ ಕಾದು ಕುಳಿತವರಿಗೆ ಇವೆಲ್ಲಕ್ಕಿಂತ ನಮ್ಮ ಕ್ಷೇಮಾಗಮನವೇ ದೊಡ್ಡದು. ಅದಕ್ಕಾಗಿ ಒಂದೆರಡು ಲೀಟರ್ ಪೆಟ್ರೋಲು ಖರ್ಚಾದರೆ ಅದು ನಷ್ಟವಲ್ಲ.