ರಾಜೀನಾಮೆಯ ಮರುದಿನ

ಸಂಜೆ ಏಳರ ಸುಮಾರಿಗೆ ಅತ್ತಿಗುಪ್ಪೆಯ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿದು ಆರ್‌ಪಿಸಿ ಲೇಔಟ್‌ನ ಕಡೆಗೆ ನಡೆಯುವವರ ಹೆಗಲಲ್ಲಿ ಒಂದೊಂದು ಚೀಲ, ಕೊರಳಲ್ಲಿ ಕಚೇರಿಯ ಗುರುತುಪಟ್ಟಿ. ಆ ಗುಂಪಿನಲ್ಲಿ ಮೂವತ್ತೆರಡರ ಒಬ್ಬಾಕೆಯನ್ನು ಓದುಗರು ಕಲ್ಪಿಸಿಕೊಳ್ಳಲಿ. ಪಟ್ಟಣಗೆರೆಯ ಬಳಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಆಕೆಗೆ ಕೆಲಸ. ಸೇವೆ ನಾಲ್ಕು ವರ್ಷ ಎರಡು ತಿಂಗಳು. ಸಂಬಳ ತಿಂಗಳಿಗೆ 90,000 ರೂಪಾಯಿ. ವೈಟ್‌ಫೀಲ್ಡ್‌ನ ಮತ್ತೊಂದು ಕಂಪನಿ 1,25,000 ರೂಪಾಯಿಯ ಆಹ್ವಾನಪತ್ರ ಕಳುಹಿಸಿತು. ಆಕೆ ಒಪ್ಪಿಗೆ ಬರೆದಳು. ನಿನ್ನೆ ಹಳೆಯ ಕಚೇರಿಗೆ ರಾಜೀನಾಮೆ ಸಲ್ಲಿಸಿದಳು.

ಇಂದು ಬೆಳಿಗ್ಗೆ ಮೇಲಧಿಕಾರಿ ಕೋಣೆಗೆ ಕರೆದರು. "ನೀವು ಹೋಗಕೂಡದು. ಈ ತಿಂಗಳಿನಿಂದಲೇ 1,20,000 ಮಾಡಿಸಿದ್ದೇನೆ. ಎರಡು ದಿನ ಯೋಚಿಸಿ ಹೇಳಿ" ಎಂದರು. ಕಚೇರಿಗಳ ಮಾತಿನಲ್ಲಿ ಇದಕ್ಕೆ ‘ಕೌಂಟರ್ ಆಫರ್’ ಎಂದು ಹೆಸರು. ನಿನ್ನೆಯವರೆಗೆ ಇಲ್ಲದಿದ್ದ ಮೂವತ್ತು ಸಾವಿರ ರೂಪಾಯಿ ಒಂದೇ ರಾತ್ರಿಯಲ್ಲಿ ಎಲ್ಲಿಂದ ಬಂತು? ಸಂತೋಷಪಡಬೇಕೋ, ಸಿಟ್ಟಾಗಬೇಕೋ ಎಂದು ತಿಳಿಯದೆ ಆಕೆ ಮನೆಯ ಗೇಟು ತೆರೆದಳು.

ಮನೆಯಲ್ಲಿ ತಂದೆ ಇದ್ದಾರೆ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಯಲ್ಲಿ, ಅದು 2002ರಲ್ಲಿ ಬಾಗಿಲು ಮುಚ್ಚುವವರೆಗೂ ದುಡಿದವರು. ಮಗಳ ಮಾತನ್ನೆಲ್ಲ ಕೇಳಿ, "ನೋಡಮ್ಮ, ಒಂದೇ ಕಡೆ ಇರುವುದೇ ಕ್ಷೇಮ ಎಂದು ನಂಬಿದ್ದೆವು. ಕಾರ್ಖಾನೆಯೇ ನಮ್ಮನ್ನು ಬಿಟ್ಟು ಹೋಯಿತು. ಹಾಗೆಂದು ಹಾರುವುದೇ ಕ್ಷೇಮ ಎಂದೂ ಹೇಳಲಾರೆ" ಎಂದರು. ತಾಯಿಯ ಯೋಚನೆ ಬೇರೆ: "ಮಗು ಶಾಲೆಯಿಂದ ಬರುವ ಹೊತ್ತಿಗೆ ನೀನು ಎಲ್ಲಿರುತ್ತೀಯೆ?"

ಕೊಳ್ಳೆ ಹೋದ ಮೇಲೆ ಬಾಗಿಲು

ಇಂಥ ಇಕ್ಕಟ್ಟು ಈ ಒಂದು ಮನೆಯದಲ್ಲ. 2022ರ ಮಾರ್ಚಿಗೆ ಮುಗಿದ ಹನ್ನೆರಡು ತಿಂಗಳಲ್ಲಿ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯಲ್ಲಿ ತಾವಾಗಿ ಕೆಲಸ ಬಿಟ್ಟವರ ಪ್ರಮಾಣ ಶೇಕಡ 27.7ಕ್ಕೆ ಏರಿತ್ತು. ನೂರರಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ! ಹೋಗುವವರನ್ನು ಹಿಡಿದು ನಿಲ್ಲಿಸಲು ಕಂಪನಿಗಳು ಪೈಪೋಟಿ ನಡೆಸಿದ ಕಾಲವದು. ಎರಡೇ ವರ್ಷಗಳಲ್ಲಿ, 2024ರ ಮಾರ್ಚಿನ ಹೊತ್ತಿಗೆ, ಅದೇ ಪ್ರಮಾಣ ಶೇಕಡ 12.6ಕ್ಕೆ ಇಳಿಯಿತು. ಮಾರುಕಟ್ಟೆಯ ಗಾಳಿ ಯಾವಾಗ ಎತ್ತ ಬೀಸುವುದೆಂದು ನಂಬಿ ಕೂರುವಂತಿಲ್ಲ.

ಕಂಪನಿಗಳು ಹೀಗೇಕೆ ಮಾಡುತ್ತವೆ? ನುರಿತ ಒಬ್ಬರು ಹೊರಟರೆ ಅವರ ಜಾಗಕ್ಕೆ ಜನ ಹುಡುಕಬೇಕು, ಹುಡುಕಿಕೊಟ್ಟ ಮಧ್ಯವರ್ತಿಗೆ ಹಣ ತೆರಬೇಕು, ಬಂದವರಿಗೆ ತಿಂಗಳುಗಟ್ಟಲೆ ಕಲಿಸಬೇಕು. ಇದ್ದವರಿಗೇ ಹೆಚ್ಚು ಕೊಡುವುದು ಅದಕ್ಕಿಂತ ಅಗ್ಗ. ಇದರಲ್ಲಿ ವಂಚನೆಯೇನೂ ಇಲ್ಲ, ವ್ಯಾಪಾರವಿದೆ. ಆದರೆ ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದರು ಎಂಬ ಗಾದೆ ನೆನಪಾಗದಿರದು. ಬಾಗಿಲ ವಿಷಯದಲ್ಲಿ ಮೊದಲೇ ಏಕೆ ಎಚ್ಚರವಿರಲಿಲ್ಲ ಎಂದು ಕೇಳುವ ಹಕ್ಕು ನೌಕರನಿಗಿದೆ. ‘ಹೀಗೆ ನಿಂತವರೆಲ್ಲ ಬೇಗ ಪಶ್ಚಾತ್ತಾಪಪಡುತ್ತಾರೆ’ ಎಂದು ಹೆದರಿಸುವ ಮಧ್ಯವರ್ತಿಯ ಮಾತನ್ನೂ ತೂಗಿ ನೋಡಬೇಕು. ಅಭ್ಯರ್ಥಿ ಹೊಸ ಕೆಲಸಕ್ಕೆ ಸೇರಿದರಲ್ಲವೆ ಅವರಿಗೆ ಸಂಭಾವನೆ?

ಕಾಗದದ ಮೇಲಿನ ಲೆಕ್ಕ

ಊಟವಾದ ಮೇಲೆ ತಂದೆ, ಮಗಳು ಒಂದು ಹಳೆಯ ನೋಟುಪುಸ್ತಕ ಹಿಡಿದು ಕುಳಿತರು.

ಎರಡು ಸಂಬಳಗಳ ಅಂತರ ತಿಂಗಳಿಗೆ 5,000 ರೂಪಾಯಿ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಸುಮಾರು 43 ಕಿಲೋಮೀಟರಿನ ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ಪೂರ್ತಿಯಾಗಿ ತೆರೆದುದರಿಂದ ರೈಲು ಬದಲಿಸದೆ ಹೋಗಬಹುದು, ನಿಜ. ಆದರೂ ಪಟ್ಟಣಗೆರೆಗೆ ಕೆಲವೇ ನಿಲ್ದಾಣ. ವೈಟ್‌ಫೀಲ್ಡ್ ಊರಿನ ಇನ್ನೊಂದು ತುದಿ. ಹೋಗಿಬರುವುದಕ್ಕೆ ದಿನಕ್ಕೆ ಒಂದೂವರೆ ಗಂಟೆ ಹೆಚ್ಚು ಹಿಡಿದರೆ, 22 ದಿನಕ್ಕೆ 33 ಗಂಟೆ. ಐದು ಸಾವಿರವನ್ನು ಅದರಿಂದ ಭಾಗಿಸಿದರೆ ಗಂಟೆಗೆ ಬಿದ್ದದ್ದು 150 ರೂಪಾಯಿ. 1,20,000 ಸಂಬಳದಲ್ಲಿ ಆಕೆಯ ಕೆಲಸದ ಒಂದು ಗಂಟೆಗೆ ಬೆಲೆ ಸುಮಾರು 680 ರೂಪಾಯಿ!

ಮುಂದಿನದು ಗ್ರಾಚ್ಯುಯಿಟಿ. 1972ರ ಕಾನೂನಿನಿಂದ ನಡೆದುಬಂದಿರುವ ನಿಯಮದಂತೆ, ಖಾಯಂ ನೌಕರ ಐದು ವರ್ಷ ಎಡೆಬಿಡದೆ ದುಡಿದರೆ ವರ್ಷಕ್ಕೆ ಹದಿನೈದು ದಿನದ ವೇತನ ದೊರೆಯುತ್ತದೆ. ತಿಂಗಳಿಗೆ 26 ದಿನವೆಂದು ಲೆಕ್ಕ. ಹೆಚ್ಚಿದ ಸಂಬಳದಲ್ಲಿ ಅರ್ಧ, ಅಂದರೆ 60,000 ರೂಪಾಯಿ, ಇದಕ್ಕೆ ಗಣನೆಗೆ ಬರುವುದಾದರೆ ಐದು ವರ್ಷಕ್ಕೆ ಸುಮಾರು 1,73,000 ರೂಪಾಯಿ. ಮೂರು ತಿಂಗಳ ನೋಟಿಸ್ ಅವಧಿ ಕಳೆದರೂ ಆಕೆಗೆ ಐದು ವರ್ಷ ತುಂಬದು. ಇನ್ನೂ ಏಳು ತಿಂಗಳು ಬೇಕು. ಭವಿಷ್ಯನಿಧಿಗೆ ಈ ತೊಡಕಿಲ್ಲ. ಹಳೆಯ ಖಾತೆಯ ಹಣ ಹೊಸದಕ್ಕೆ ವರ್ಗವಾಗುತ್ತದೆ.

"ಲೆಕ್ಕ ನಿಲ್ಲು ಎನ್ನುತ್ತಿದೆಯಲ್ಲಮ್ಮ" ಎಂದರು ತಂದೆ. ಮಗಳು ಮಾತಾಡಲಿಲ್ಲ.

ಬಾಯಿಮಾತು ಮತ್ತು ಬರಹ

ನಿಲ್ಲುವುದಾದರೂ ಬಾಯಿಮಾತನ್ನು ನಂಬಿ ನಿಲ್ಲಬಾರದು. ಕೊಂಕಣ ರೈಲ್ವೆಯ ನೌಕರರೊಬ್ಬರು 2013ರ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟು, 2014ರ ಮೇ ತಿಂಗಳಲ್ಲಿ ಅದನ್ನು ಹಿಂದಕ್ಕೆ ಪಡೆದರು. ಸಂಸ್ಥೆ ಒಪ್ಪಲಿಲ್ಲ. ವ್ಯಾಜ್ಯ ಕರ್ನಾಟಕ ಹೈಕೋರ್ಟನ್ನು ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. ರಾಜೀನಾಮೆ ಅಂತಿಮವಾಗುವ ಮೊದಲೇ ಅದನ್ನು ಹಿಂಪಡೆದಿದ್ದಾರೆಂದು ನ್ಯಾಯಾಲಯ ಅವರ ಪರ ತೀರ್ಪಿತ್ತದ್ದು 2024ರ ಸೆಪ್ಟೆಂಬರಿನಲ್ಲಿ. ಗೆದ್ದರು, ಆದರೆ ಹತ್ತು ವರ್ಷ ಕಳೆದಿತ್ತು. ಅದು ಸಾರ್ವಜನಿಕ ಸಂಸ್ಥೆ. ಖಾಸಗಿ ಕಂಪನಿಯಲ್ಲಿ ಕರಾರುಪತ್ರವೇ ಮುಖ್ಯ. ಆದ್ದರಿಂದ ರಾಜೀನಾಮೆ ಹಿಂಪಡೆದುದನ್ನು ಒಪ್ಪಿದ್ದೇವೆಂಬ ಪತ್ರ, ಹೊಸ ಸಂಬಳದ ಪತ್ರ ಎರಡೂ ಕೈಸೇರಿದ ಮೇಲೆಯೇ ಹೊಸ ಕಂಪನಿಗೆ ಬಾರೆನೆಂದು ತಿಳಿಸುವುದು ವಿವೇಕ.

ಉಳಿಯುವುದಕ್ಕೆಂದು ಒಂದೇ ಗಂಟಿನಲ್ಲಿ ಹಣ ಕೊಟ್ಟರೆ ಅದರ ಬೆನ್ನಿಗೆ ಕಟ್ಟಿದ ದಾರವನ್ನೂ ನೋಡಬೇಕು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನಲ್ಲಿ, ಮೂರು ವರ್ಷ ತುಂಬುವ ಮೊದಲೇ ಬಿಟ್ಟರೆ ಎರಡು ಲಕ್ಷ ರೂಪಾಯಿ ತೆರಬೇಕೆಂಬ ಕರಾರಿಗೆ ಅಧಿಕಾರಿಯೊಬ್ಬರು ಸಹಿ ಹಾಕಿದ್ದರು. ಅವಧಿಗೆ ಮೊದಲೇ ಬಿಟ್ಟರು. ಆ ಕರಾರು ಸಿಂಧುವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸಹಿ ಹಾಕುವ ಮೊದಲು ಓದಬೇಕು ಎಂಬ ಹಿರಿಯರ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹೊಸ ಕಂಪನಿಯ ಕಡೆಗೂ ಒಂದು ಋಣವುಂಟು. ಒಪ್ಪಿಗೆ ಕೊಟ್ಟ ಮೇಲೆ ಅವರು ಬೇರೆಯವರಿಗೆ ಇಲ್ಲವೆಂದಿರುತ್ತಾರೆ. ಹಿಂದೆ ಸರಿಯುವುದು ಅಪರಾಧವಲ್ಲ; ಆದರೆ ಕೊನೆಯ ದಿನದವರೆಗೆ ಸುಮ್ಮನಿದ್ದು ಕೈಕೊಡುವುದು ಸಭ್ಯತೆಯಲ್ಲ.

ವಿಶ್ವೇಶ್ವರಯ್ಯನವರ ಪ್ರಶ್ನೆ

ಕನ್ನಡನಾಡಿನ ಅತಿ ಪ್ರಸಿದ್ಧ ರಾಜೀನಾಮೆಗಳಲ್ಲಿ ಒಂದನ್ನು ಇಲ್ಲಿ ನೆನೆಯಬಹುದು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿ, ಹಲವರು ಹಿರಿಯರನ್ನು ದಾಟಿ ಮೇಲೇರಿದವರು. ಆದರೆ ಆ ಕಾಲದಲ್ಲಿ ಇಲಾಖೆಯ ಅತ್ಯುನ್ನತ ಪದವಿ ಭಾರತೀಯನೊಬ್ಬನಿಗೆ ಸುಲಭವಾಗಿ ದಕ್ಕುವಂತಿರಲಿಲ್ಲ. 1908ರಲ್ಲಿ ಅವರು ಸೇವೆಯಿಂದ ಹೊರಬಂದರು. ಮುಂದೆ ಮೈಸೂರು ಸಂಸ್ಥಾನ ಮುಖ್ಯ ಎಂಜಿನಿಯರ್ ಪದವಿಗೆ ಕರೆಯಿತು. ಅವರು ಒಡನೆಯೇ ಹೂಂ ಎನ್ನಲಿಲ್ಲ. ತಾಂತ್ರಿಕ ಶಿಕ್ಷಣಕ್ಕೂ ಕೈಗಾರಿಕೆಗೂ ತಾವು ದುಡಿಯಲು ಅವಕಾಶವಿರುವುದೇ ಎಂದು ಮೊದಲು ವಿಚಾರಿಸಿಕೊಂಡರು; ಭರವಸೆ ದೊರೆತ ಮೇಲೆ 1909ರ ನವೆಂಬರಿನಲ್ಲಿ ಅಧಿಕಾರ ವಹಿಸಿಕೊಂಡರು. ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾದದ್ದು 1911ರಲ್ಲಿ. ಅವರು ಕೇಳಿದ್ದು ‘ಎಷ್ಟು ಕೊಡುತ್ತೀರಿ’ ಎಂದಲ್ಲ, ‘ಏನು ಮಾಡಲು ಬಿಡುತ್ತೀರಿ’ ಎಂದು.

ಮಹಾಪುರುಷರ ಅಳತೆಗೋಲಿನಿಂದ ಸಂಸಾರವಂದಿಗರನ್ನು ಅಳೆಯುವುದು ತರವಲ್ಲ. ಮನೆಸಾಲದ ಕಂತಿಗೆ ಆದರ್ಶದಿಂದ ಹಣ ಕಟ್ಟಲಾಗದು. ಆದರೆ ಆ ಪ್ರಶ್ನೆ ಯಾರು ಬೇಕಾದರೂ ಕೇಳಬಹುದಾದ ಪ್ರಶ್ನೆ. ಹೊರಡಲು ಕಾರಣ ಸಂಬಳವೊಂದೇ ಆಗಿದ್ದು, ಆ ಕೊರತೆ ಈಗ ನೀಗಿದ್ದರೆ, ನಿಲ್ಲುವುದರಲ್ಲಿ ನಾಚಿಕೆಯೇನಿಲ್ಲ. ದೂರದ ಬೆಟ್ಟ ನುಣ್ಣಗೆ ಕಾಣುವುದು ಎಲ್ಲರಿಗೂ ಗೊತ್ತು. ಕಾರಣ ಬೇರೆಯಾಗಿದ್ದರೆ ಮಾತ್ರ ಹಣ ಅದಕ್ಕೆ ಮದ್ದಾಗದು.

ಆಕೆಯ ಕಾರಣ ಬೇರೆಯಿತ್ತು. ಮೂರು ವರ್ಷದಿಂದ ಒಂದೇ ಹಳೆಯ ವ್ಯವಸ್ಥೆಯ ತೇಪೆ ಕೆಲಸ. ಮಗು ಮಲಗಿದ ಮೇಲೆ ರಾತ್ರಿ ಕುಳಿತು ಕಲಿತ ಹೊಸ ವಿದ್ಯೆಗೆ ಅಲ್ಲಿ ಜಾಗವಿರಲಿಲ್ಲ. ಎರಡು ಸಲ ಕೇಳಿದ್ದಳು. ಎರಡು ಸಲವೂ ‘ನೋಡೋಣ’ ಎಂಬ ಉತ್ತರ ಬಂದಿತ್ತು.

ಮರುದಿನ ಆಕೆ ಮೇಲಧಿಕಾರಿಯನ್ನು ಒಂದೇ ಮಾತು ಕೇಳಿದಳು: "ಸಂಬಳದ ಪತ್ರದಲ್ಲಿ ನನ್ನ ಮುಂದಿನ ಕೆಲಸ ಯಾವುದೆಂಬುದನ್ನೂ ಬರೆದುಕೊಡುವಿರಾ?"

ಅವರು ಸಭ್ಯರು, ಸುಳ್ಳಾಡಲಿಲ್ಲ. "ಸಂಬಳ ನನ್ನ ಕೈಯಲ್ಲಿದೆ. ಅದು ಮಾತ್ರ ನನ್ನ ಕೈಯಲ್ಲಿಲ್ಲ. ಮುಂದಿನ ವರ್ಷ ನೋಡೋಣ" ಎಂದರು.

ಆಕೆ ಕೈಮುಗಿದು, ರಾಜೀನಾಮೆ ಹಾಗೆಯೇ ಇರಲೆಂದು ಹೇಳಿ ಹೊರಬಂದಳು. ಸಂಜೆ ನೋಟುಪುಸ್ತಕ ತೆರೆದು, 1,73,000 ಎಂದು ಬರೆದಿದ್ದ ಸಾಲಿಗೆ ತಾನೇ ಗೆರೆ ಎಳೆದಳು. ಕಳೆದುಕೊಳ್ಳುವುದು ಎಷ್ಟೆಂದು ತಿಳಿದೇ ಎಳೆದ ಗೆರೆ ಅದು. ತಂದೆ ಕನ್ನಡಕ ತೆಗೆದಿಟ್ಟು, "ಮಗು ಶಾಲೆಯಿಂದ ಬರುವ ಹೊತ್ತಿಗೆ ಗೇಟಿನ ಬಳಿ ನಾನಿರುತ್ತೇನೆ" ಎಂದರು.

ಮೂರು ತಿಂಗಳ ಬಳಿಕ ಅತ್ತಿಗುಪ್ಪೆಯ ನಿಲ್ದಾಣದಲ್ಲಿ ಆಕೆ ಎದುರು ದಿಕ್ಕಿನ ರೈಲಿಗಾಗಿ ನಿಲ್ಲುವಳು.